ಚಳ್ಳಕೆರೆಯ ಕಾವಲಿನಿಂದ ಚಂದ್ರನವರೆಗೆ

ರಂಜಾನ್ ಹತ್ತಿರ ಬಂದಾಗ ನಾವೆಲ್ಲ ಪಡುವಣ ದಿಕ್ಕಿನಲ್ಲಿ ಎಳೆಚಂದ್ರನನ್ನು ಹುಡುಕುತ್ತೇವೆ. ಆ ಚಂದ್ರನ ಮೇಲೆ ಇಳಿಯಲು ನಮ್ಮ ದೇಶ ಮಾಡಿಕೊಂಡ ತಯಾರಿಯ ಒಂದು ಭಾಗ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ನಡೆಯಿತು. ಆ ತಯಾರಿ ಏನು, ಅಲ್ಲಿ ಇಳಿದ ಮೇಲೆ ಗೊತ್ತಾದ ಹೊಸ ಸಂಗತಿಗಳೇನು, ಇದರಲ್ಲಿ ನಮ್ಮ ಪಾಲೇನು ಎಂಬುದನ್ನು ತಿಳಿದಷ್ಟು ಬರೆಯುತ್ತಿದ್ದೇನೆ.

ಕಾವಲಿನಲ್ಲಿ ತೋಡಿದ ಕುಳಿಗಳು

ಚಂದ್ರನ ನೆಲದ ತುಂಬ ಕುಳಿಗಳಿವೆ. ಅವುಗಳಲ್ಲಿ ಒಂದಕ್ಕೆ ಇಬ್ನ್ ಅಲ್ ಹೈಥಮ್ ಅವರ ಹೆಸರನ್ನೂ ಇನ್ನೊಂದಕ್ಕೆ ಅಲ್ ಬತ್ತಾನಿ ಅವರ ಹೆಸರನ್ನೂ ಇಟ್ಟಿದ್ದಾರೆ. ಹೆಸರು ಕೇಳಲು ಸಂತೋಷ, ಆದರೆ ಇಳಿಯುವ ನೌಕೆಗೆ ಕುಳಿ ಎಂದರೆ ಅಪಾಯ. ನೌಕೆಯಲ್ಲಿ ಚಾಲಕನಿಲ್ಲ. ಅದು ಕಳಿಸಿದ ಚಿತ್ರ ಭೂಮಿಗೆ ಬಂದು ಇಲ್ಲಿಂದ ಉತ್ತರ ಹೋಗಲು ಎರಡೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಆದ್ದರಿಂದ ನೌಕೆಯ ಕ್ಯಾಮೆರಾಗಳು ಮತ್ತು ಸಂವೇದಕಗಳೇ ನೆಲ ನೋಡಿ, ಕುಳಿ ಗುರುತಿಸಿ, ಸಮತಟ್ಟಾದ ಜಾಗ ಆರಿಸಬೇಕು.

ಇದನ್ನು ಪರೀಕ್ಷಿಸಲು ಇಸ್ರೋ ಉಳ್ಳಾರ್ತಿಯಲ್ಲಿ ಚಂದ್ರನ ಕುಳಿಗಳಂಥ ಗುಂಡಿಗಳನ್ನು ತೋಡಿಸಿತು. ಚಂದ್ರಯಾನ-2ರ ಸಂವೇದಕಗಳನ್ನು 2016ರಲ್ಲಿ ವಿಮಾನದಲ್ಲಿಟ್ಟು ಇವುಗಳ ಮೇಲೆ ಹಾರಿಸಲಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಆ ನೌಕೆ ಇಳಿಯುವಾಗ ಅಪ್ಪಳಿಸಿತು. ವಿಜ್ಞಾನಿಗಳು ಎಲ್ಲೆಲ್ಲಿ ತಪ್ಪಬಹುದು ಎಂದು ಪಟ್ಟಿ ಮಾಡಿ ಮತ್ತೆ ಮೊದಲಿಂದ ಪರೀಕ್ಷೆಗಳನ್ನು ನಡೆಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಮೆತ್ತಗೆ ಇಳಿಯಿತು.

ಅಲ್ಲಿ ತಿಳಿದದ್ದೇನು?

ಮೊದಲನೆಯದು ಗಂಧಕ. 26 ಕಿಲೋ ತೂಕದ ಪ್ರಜ್ಞಾನ್ ಗಾಡಿಯಲ್ಲಿ ಬೆಂಗಳೂರಿನಲ್ಲಿ ತಯಾರಾದ ಲೇಸರ್ ಉಪಕರಣವೊಂದು ಇತ್ತು. ಲೇಸರ್ ಬಿದ್ದ ಮಣ್ಣು ಕಾದು ಮಿನುಗುತ್ತದೆ. ಆ ಬೆಳಕನ್ನು ಬಿಡಿಸಿ ನೋಡಿದರೆ ಒಂದೊಂದು ಧಾತುವಿಗೂ ಅದರದೇ ಗೆರೆಗಳು ಕಾಣುತ್ತವೆ. ನಮ್ಮ ಲ್ಯಾಬಿನಲ್ಲಿ ಲವಣ ವಿಶ್ಲೇಷಣೆ ಮಾಡುವಾಗ ಜ್ವಾಲೆ ಇಟ್ಟಿಗೆ ಕೆಂಪಾದರೆ ಕ್ಯಾಲ್ಸಿಯಂ ಎಂದು ಬರೆಯುತ್ತೇವಲ್ಲ, ತತ್ವ ಅದೇ. ದಕ್ಷಿಣ ಧ್ರುವದ ಕಡೆಯ ಮಣ್ಣಿನಲ್ಲಿ ಗಂಧಕ ಇದೆ ಎಂದು ಅಲ್ಲೇ ನಿಂತು ಖಚಿತಪಡಿಸಿದ್ದು ಇದೇ ಮೊದಲು.

ಎರಡನೆಯದು ಉಷ್ಣತೆ. ಹತ್ತು ತಾಪಮಾಪಕಗಳಿದ್ದ ಸರಳೊಂದನ್ನು ಮಣ್ಣಿಗೆ ಇಳಿಸಿದರು. ಮೊದಲ ದಿನಗಳ ಅಳತೆಯಲ್ಲಿ ಮೇಲೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಇದ್ದರೆ, 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ ಇತ್ತು. 8 ಸೆಂಟಿಮೀಟರ್ ಎಂದರೆ ನಾಲ್ಕು ಬೆರಳಿನ ಅಗಲ. ಏಪ್ರಿಲ್ ಬಿಸಿಲಲ್ಲಿ ನಮ್ಮ ಹೊಲದ ಮಣ್ಣು ಮೇಲೆ ಕಾಲು ಸುಟ್ಟರೂ ಕೆದಕಿದರೆ ತಂಪಿರುತ್ತದೆ, ಆದರೆ ಇಷ್ಟು ವ್ಯತ್ಯಾಸ ಇರುವುದಿಲ್ಲ. ಚಂದ್ರನ ಮಣ್ಣು ಸಡಿಲ ಪುಡಿ, ಕಣಗಳ ನಡುವೆ ಗಾಳಿಯೂ ಇಲ್ಲ. ಶಾಖ ಕೆಳಗೆ ಹೋಗಲು ದಾರಿಯೇ ಕಡಿಮೆ. ಹಾಗಾಗಿ ಬಿಸಿಲು ಓರೆಯಾಗಿ ಬೀಳುವ ಇಳಿಜಾರುಗಳಲ್ಲಿ ಹೆಚ್ಚು ಆಳವಿಲ್ಲದೆಯೂ ಮಂಜುಗಡ್ಡೆ ಉಳಿದಿರಬಹುದು ಎಂಬ ಆಸೆ ಹುಟ್ಟಿದೆ.

ಮೂರನೆಯದು ಚಂದ್ರನ ಬಾಲ್ಯ. ಗಾಡಿ ನೂರು ಮೀಟರ್‌ನಷ್ಟು ಓಡಾಡಿ 23 ಕಡೆ ಮಣ್ಣಿನ ರಚನೆಯನ್ನು ಅಳೆಯಿತು. 2024ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಫಲಿತಾಂಶ ಬಂತು. 400 ಕೋಟಿ ವರ್ಷಗಳಿಗೂ ಹಿಂದೆ ಚಂದ್ರನ ಮೈಯೆಲ್ಲ ಕರಗಿದ ಕಲ್ಲಿನ ಸಮುದ್ರವಾಗಿತ್ತು, ಹಾಲಿನ ಮೇಲೆ ಕೆನೆ ಬಂದಂತೆ ಹಗುರ ಕಲ್ಲು ತೇಲಿ ಹೊರಪದರವಾಯಿತು ಎಂಬ ಹಳೆಯ ವಾದಕ್ಕೆ ಧ್ರುವದ ಕಡೆಯಿಂದಲೂ ಪುರಾವೆ ಸಿಕ್ಕಿತು.

ಕಾವಲೂ ಒಂದು ಪ್ರಯೋಗಾಲಯ

ಉಳ್ಳಾರ್ತಿ, ವರವು, ಕುದಾಪುರದ ಕಡೆಗಳಲ್ಲಿ ಈಗ ದೊಡ್ಡ ಸಂಸ್ಥೆಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ 4,290 ಎಕರೆ ಕೊಡಲಾಗಿದೆ. ಇಸ್ರೋದ ಪುಷ್ಪಕ್ ವಿಮಾನ 2023 ಮತ್ತು 2024ರಲ್ಲಿ ಮೂರು ಸಲ ತಾನಾಗಿ ಬಂದು ಇಳಿದದ್ದು ಇಲ್ಲಿನ ರನ್‌ವೇ ಮೇಲೆಯೇ.

ಆದರೆ ಈ ಜಾಗ ಅದಕ್ಕೂ ಮೊದಲು ಖಾಲಿ ಇರಲಿಲ್ಲ. ಇವು ಅಮೃತಮಹಲ್ ಕಾವಲುಗಳು. ಆ ದನಗಳಿಗೆ ಹೈದರ್ ಮತ್ತು ಟಿಪ್ಪುವಿನ ಕಾಲದಿಂದಲೂ ದೊಡ್ಡ ಹೆಸರಿದೆ. ನಮ್ಮ ಕಡೆಯ ಕುರಿಗಳು, ಕುರಿಯ ಉಣ್ಣೆಯಿಂದ ನೇಯುವ ಚಳ್ಳಕೆರೆ ಕಂಬಳಿ, ದೇವರ ಎತ್ತುಗಳು ಎಲ್ಲವೂ ಇಂಥ ಹುಲ್ಲನ್ನು ನಂಬಿ ಬಂದವು. ಗೋಡೆ ಎದ್ದಾಗ ಮೇವಿನ ಜಾಗ ಹೋಯಿತೆಂದು ಜನ ಹೋರಾಟ ಮಾಡಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು.

ಇಲ್ಲೂ ವಿಜ್ಞಾನ ಹೇಳುವ ಮಾತೊಂದಿದೆ. ಹುಲ್ಲುಗಾವಲು ಬಂಜರಲ್ಲ. ಅದರ ಇಂಗಾಲದ ಹೆಚ್ಚಿನ ಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಮೇಲಿನ ಹುಲ್ಲು ಒಣಗಿದರೂ ಮೇಯ್ದರೂ ಆ ಪಾಲು ಉಳಿಯುತ್ತದೆ. ನೆಲ ಅಗೆದರೆ ಅದು ಕರಗುತ್ತದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಚಂದ್ರನ ಮಣ್ಣನ್ನು ಅಷ್ಟು ಎಚ್ಚರದಿಂದ ಅಳೆದ ನಾವು ಕಾವಲಿನ ಮಣ್ಣನ್ನೂ ಅಷ್ಟೇ ಎಚ್ಚರದಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಪಾಲು

ಈ ಭಾಗದ ಜನ ನೆಲ ಬಿಟ್ಟುಕೊಟ್ಟಿದ್ದಾರೆ. ನಮ್ಮ ಮಕ್ಕಳು ಆ ಗೇಟಿನ ಒಳಗೆ ಕೂಲಿಗೆ, ಕಾವಲಿಗೆ ಮಾತ್ರ ಹೋದರೆ ಸಾಲದು, ಸಂಶೋಧನೆಗೂ ಹೋಗಬೇಕು. ಕುದಾಪುರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವಿದೆ, ನಮ್ಮ ಉಪನ್ಯಾಸಕರು ಅದರ ಬಗ್ಗೆ ನಮಗೆ ತಿಳಿಸಬೇಕೆಂದು ವಿನಂತಿ. ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. ಅಂದು ಭಾಷಣದ ಜೊತೆಗೆ ಎರಡು ಕೆಲಸ ಮಾಡೋಣ: ಲ್ಯಾಬಿನಲ್ಲಿ ಜ್ವಾಲಾ ಪರೀಕ್ಷೆಯನ್ನು ಪ್ರಥಮ ವರ್ಷದವರಿಗೆ ತೋರಿಸೋಣ, ಊರ ಹೊರಗಿನ ಹುಲ್ಲುಗಾವಲಿನಲ್ಲಿ ಒಂದು ಮೀಟರ್ ಚೌಕ ಗುರುತಿಸಿ ಎಷ್ಟು ಬಗೆಯ ಹುಲ್ಲಿದೆ ಎಂದು ಎಣಿಸೋಣ. ಹುಲ್ಲಿನ ಹೆಸರು ಗೊತ್ತಾಗದಿದ್ದರೆ ಕುರಿ ಕಾಯುವ ಹಿರಿಯರನ್ನು ಕೇಳೋಣ.