‘ಸಾಕು’ ಎಂದರೆ ಏನೆಂದು ಆಯಮ್ಮನಿಗೆ ಗೊತ್ತೇ?

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಎಲ್ಲರೂ ಹೆದರುವ ದಿನ ಒಂದಿದೆ. ಹೆರಿಗೆ ರಜೆ ಮುಗಿಯುತ್ತದೆ, ಕೂಸು ನೋಡಿಕೊಳ್ಳಲು ಬಂದಿದ್ದ ಅಜ್ಜಿ ಕಾಚಿಗುಡ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ. 2017ರ ಕಾನೂನು ತಿದ್ದುಪಡಿ ಮೊದಲ ಎರಡು ಹೆರಿಗೆಗಳ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆದರೂ ಆರು ತಿಂಗಳ ಕೂಸಿಗೆ ಮಾತು ಬಂದಿರುವುದಿಲ್ಲವಲ್ಲ! ಅದರ ಪರವಾಗಿ ಮಾತಾಡಬೇಕಾದವರು ನಾವೇ, ಅದೂ ಮೊದಲ ದಿನಕ್ಕೆ ಮುಂಚೆ.

ನಾನಿರುವುದು ಕೊಂಡಾಪುರದಲ್ಲಿ. ಮಗಳನ್ನು ಡೇಕೇರ್‌ಗೆ ಕಳಿಸಿದೆ, ಮಗನನ್ನು ಮನೆಗೆ ಬರುವ ಆಯಮ್ಮ ನೋಡಿಕೊಂಡರು. ಎರಡೂ ಕಡೆ ಕಂಡದ್ದು ಒಂದೇ: ಸಂಬಳ ಮತ್ತು ಸಮಯದ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಖ್ಯವಾದ ಮಾತು ಸಂಕೋಚದಲ್ಲಿ ಉಳಿದುಬಿಡುತ್ತದೆ. ಅದರ ಮೇಲೆ ನಮಗೆ ಭಾಷೆಯ ತೊಡಕು ಬೇರೆ.

ಮೊದಲು ಮಗುವಿನ ಮಾತು

ಆಯಮ್ಮ ನಾರಾಯಣಪೇಟೆ ಕಡೆಯವರಾದರೆ ಸ್ವಲ್ಪ ಕನ್ನಡ ಬಂದೀತು. ನಮ್ಮವರು ಶ್ರೀಕಾಕುಳಂ ಕಡೆಯವರು. ಪರೀಕ್ಷೆಗೆಂದು ಅವರು ಬಂದ ದಿನ ಊಟದ ನಡುವೆ ಮಗ ‘ಸಾಕು’ ಎಂದ. ತೆಲುಗಿನಲ್ಲಿ ‘ಸಾಕು’ ಎಂದರೆ ನೆಪ! ಆಯಮ್ಮ ನಕ್ಕು ಇನ್ನೊಂದು ತುತ್ತು ಬಾಯಿಗಿಟ್ಟರು. ಅವರು ಹೇಳುವ ‘ಪಾಲು’ ನಮ್ಮ ಹಾಲು, ಅವನ ಕಿವಿಗೆ ಅದೂ ಹೊಸದು. ನಗುವ ಸಂಗತಿಯೇ. ಆದರೆ ‘ನೋವು’, ‘ಬೇಡ’ ಎಂಬ ಮಾತುಗಳೂ ಹೀಗೆಯೇ ಕಳೆದುಹೋದರೆ ನಗು ಬರುವುದಿಲ್ಲ.

ಅವತ್ತೇ ಕೂತು ಪಟ್ಟಿ ಮಾಡಿದೆವು. ಸಾಕು ಎಂದರೆ ಚಾಲು. ಬೇಡ ಎಂದರೆ ವದ್ದು. ನೋವು ಎಂದರೆ ನೊಪ್ಪಿ. ಹಸಿವು ಎಂದರೆ ಆಕಲಿ. ನೀರು ಎಂದರೆ ನೀಳ್ಳು. ನಿಮ್ಮ ಮಗು ಮಾತ್ರ ಆಡುವ ಪದಗಳನ್ನೂ ಸೇರಿಸಿ. ಒಂದೊಂದು ಮನೆಯಲ್ಲಿ ನಿದ್ದೆಗೆ, ಉಚ್ಚೆಗೆ ಒಂದೊಂದು ಹೆಸರಿರುತ್ತದೆ. ಆಯಮ್ಮನಿಗೆ ಓದಲು ಬಾರದಿದ್ದರೆ ಪಟ್ಟಿಯನ್ನು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಮಾಡಿ ಕಳಿಸಿ. ‘ಬೇಡ’ ಎಂದಾಗ ನಿಲ್ಲಿಸಬೇಕು ಎನ್ನುವುದನ್ನು ಬಿಡಿಸಿ ಹೇಳಿ. ತುತ್ತಿಗೂ ಅದೇ, ಮುದ್ದಿಗೂ ಅದೇ.

ಊಟ, ಹಾಲು

ನಾವು ರಾಗಿ ಸರಿ ಎನ್ನುತ್ತೇವೆ, ಅವರಿಗೆ ರಾಗಿ ಜಾವ ಗೊತ್ತು. ಎಷ್ಟು ಗಟ್ಟಿ, ಬೆಲ್ಲ ಹಾಕಬೇಕೋ ಬೇಡವೋ ಎಂಬುದನ್ನು ಒಮ್ಮೆ ಜೊತೆಯಲ್ಲೇ ಮಾಡಿ ತೋರಿಸಿ. ಖಾರ ಯಾವಾಗಿನಿಂದ, ಮೊಟ್ಟೆ ಕೊಡಬಹುದೇ ಎಂಬುದನ್ನೂ ಹೇಳಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಪುಟ್ಟ ಮಕ್ಕಳ ಕೈಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ತೆಗೆದಿಟ್ಟ ಎದೆಹಾಲು 25 ಡಿಗ್ರಿಯವರೆಗಿನ ಬಿಸಿಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಇಲ್ಲಿನ ಮೇ ತಿಂಗಳಲ್ಲಿ ಹೊರಗಿಡುವ ಮಾತೇ ಬೇಡ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಕೂಸು ಕುಡಿದು ಬಿಟ್ಟದ್ದನ್ನು ಮತ್ತೆ ಎತ್ತಿಡಬಾರದು.

ತಿನ್ನಿಸಲು ಮೊಬೈಲ್ ತೋರಿಸಬಹುದೇ? ‘ಬೂಚೋಡು’ ಬರುತ್ತಾನೆ ಎಂದು ಹೆದರಿಸಬಹುದೇ? ಅವನು ನಮ್ಮ ಗುಮ್ಮನ ತೆಲುಗು ನೆಂಟ. ನಮ್ಮ ಮನೆಯಲ್ಲಿ ಎರಡೂ ಇಲ್ಲ ಎಂದೆ. ಹಾಗೆ ಹೇಳಿದ ಮೇಲೆ ಭಾನುವಾರ ನಾವೂ ಅದನ್ನು ಪಾಲಿಸಬೇಕು.

ಜ್ವರ ಬಂದಾಗ

ಫೋನ್ ಮಾಡದೆ ಯಾವ ಔಷಧಿಯೂ ಇಲ್ಲ ಎಂಬುದು ಮೊದಲ ನಿಯಮವಾಗಲಿ. ಪ್ಯಾರಾಸಿಟಮಾಲ್ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿಲಿಗೆ 120 ಅಥವಾ 250. ಒಂದರ ಅಳತೆಯಲ್ಲಿ ಇನ್ನೊಂದನ್ನು ಹಾಕಿದರೆ ಅಪಾಯ. ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿ, ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇಡಿ.

ಫೋನ್ ನಂಬರುಗಳು ಗೋಡೆಯ ಮೇಲಿರಲಿ: ನಿಮ್ಮದು, ಪಕ್ಕದ ಮನೆಯವರದು, ಮಕ್ಕಳ ವೈದ್ಯರದು, ತುರ್ತಿಗೆ 112, ಆಂಬ್ಯುಲೆನ್ಸಿಗೆ 108. ಈ 108 ಸೇವೆ 2005ರಲ್ಲಿ ಶುರುವಾದದ್ದು ಇದೇ ಹೈದರಾಬಾದಿನಲ್ಲಿ. ಮಕ್ಕಳ ಸಹಾಯವಾಣಿ 1098 ಕೂಡ ಇರಲಿ. ಮಗುವನ್ನು ಯಾರ ಕೈಗೆ ಕೊಡಬಹುದು ಎಂದು ಹೆಸರು ಹಿಡಿದು ಹೇಳಿ, ಫೋಟೊ ತೋರಿಸಿ. ಮನೆಯಲ್ಲಿ ಕ್ಯಾಮೆರಾ ಇದ್ದರೆ ಮೊದಲೇ ತಿಳಿಸಿ. ಕದ್ದು ನೋಡುವವರನ್ನು ಯಾರೂ ನಂಬುವುದಿಲ್ಲ.

ಡೇಕೇರ್ ಆದರೆ

ಹೇಳದೆ ಕೇಳದೆ ಮಧ್ಯಾಹ್ನ ಒಮ್ಮೆ ಹೋಗಿ. ಎಷ್ಟು ಮಕ್ಕಳಿಗೆ ಎಷ್ಟು ಜನ, ಮಲಗುವ ಹೊತ್ತಿನಲ್ಲಿ ಯಾರು ಎದ್ದಿರುತ್ತಾರೆ, ಕರೆಂಟ್ ಹೋದರೆ ಏನು ವ್ಯವಸ್ಥೆ ಎಂದು ಕೇಳಿ. ಜೋರು ಮಳೆ ಬಂದರೆ ಗಚ್ಚಿಬೌಲಿಯಿಂದ ಮಿಯಾಪುರ ಮುಟ್ಟುವುದು ಎಷ್ಟು ಹೊತ್ತಿಗೋ! ಆ ದಿನ ತಡವಾದರೆ ಮಗು ಯಾರ ಜೊತೆ ಇರುತ್ತದೆ, ಹೆಚ್ಚಿಗೆ ಎಷ್ಟು ಕೊಡಬೇಕು ಎಂಬುದೂ ಮಾತಾಗಲಿ.

ಅಂದ ಹಾಗೆ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದೂ 2017ರ ಅದೇ ತಿದ್ದುಪಡಿ ಹೇಳಿತು. ಡೇಕೇರ್ ಹುಡುಕುವ ಮುಂಚೆ ನಿಮ್ಮ ಎಚ್‌ಆರ್‌ಗೆ ಒಂದು ಮೇಲ್ ಹಾಕಿ.

ಅವರ ಮಾತನ್ನೂ ಕೇಳಿ

ನಾವು ಇಷ್ಟೆಲ್ಲ ಹೇಳಿದ ಮೇಲೆ ಆಯಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಯುಗಾದಿಗೆ ನೀವು ಊರಿಗೆ ಹೋದರೆ ಆ ದಿನಗಳ ಸಂಬಳ ಹಿಡಿಯುತ್ತೀರಾ, ಅಮ್ಮಾ?’ ಹಿಂದಿನ ಮನೆಯೊಂದರಲ್ಲಿ ಹಿಡಿದಿದ್ದರಂತೆ. ರಜೆ ನಮ್ಮದು, ಅವರದಲ್ಲ. ಹಿಡಿಯುವುದಿಲ್ಲ ಎಂದೆವು.

ವಾರದ ರಜೆ ಯಾವತ್ತು, ಬೋನಾಲು, ಬತುಕಮ್ಮ, ಸಂಕ್ರಾಂತಿಗೆ ಎಷ್ಟು ದಿನ ಎಂದು ಅವರನ್ನೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನಗಳಿಗೆ ನೀವು ಅಥವಾ ಯಜಮಾನರು ಮೊದಲೇ ರಜೆ ಹಾಕಬಹುದು. ಮಗು ಮಲಗಿದಾಗ ಪಾತ್ರೆ ತೊಳೆಯಿರಿ ಎನ್ನುವುದಿದ್ದರೆ ಈಗಲೇ ಹೇಳಿ, ಅದಕ್ಕೆ ಬೇರೆ ದುಡ್ಡು ಕೊಡಿ. ಅವರ ಮಗುವಿಗೆ ಜ್ವರ ಬಂದರೆ ಏನು ಮಾಡುತ್ತಾರೆ ಎಂದೂ ಕೇಳಿ. ನಮ್ಮ ಮಗುವನ್ನು ನೋಡಿಕೊಳ್ಳುವವರ ಮನೆಯಲ್ಲೂ ಕಾಯುವ ಮಗು ಇರುತ್ತದೆ.

ಕೆಲಸಕ್ಕೆ ಮರಳುವ ಒಂದು ವಾರ ಮುಂಚೆಯೇ ಆಯಮ್ಮನನ್ನು ಕರೆಸಿ. ಮೊದಲ ಎರಡು ದಿನ ಜೊತೆಗಿರಿ, ಆಮೇಲೆ ಒಂದು ಗಂಟೆ, ಮತ್ತೆ ಅರ್ಧ ದಿನ ಹೊರಗೆ ಹೋಗಿ ಬನ್ನಿ. ಹೊರಡುವಾಗ ಕದ್ದು ಹೋಗಬೇಡಿ, ಹೇಳಿ ಹೋಗಿ. ಮಗು ಅತ್ತರೂ ಪರವಾಗಿಲ್ಲ, ಹೇಳಿ ಹೋದ ಅಮ್ಮ ಸಂಜೆಗೆ ಬರುತ್ತಾಳೆ ಎಂಬುದನ್ನು ಅದು ಕೆಲವು ದಿನಗಳಲ್ಲಿ ಕಲಿಯುತ್ತದೆ.