ಪಾತಾಳಕ್ಕೊಂದು ತೂಗುಕುರ್ಚಿ

ಇಂಗ್ಲೆಂಡಿನ ಉತ್ತರಭಾಗದಲ್ಲಿ, ಯಾರ್ಕ್‌ಷೈರ್ ಡೇಲ್ಸ್ ಎಂದು ಹೆಸರಾದ ಬೆಟ್ಟಕಣಿವೆಗಳ ಸೀಮೆಯಲ್ಲಿ, 723 ಮೀಟರ್ ಎತ್ತರದ ಇಂಗಲ್‌ಬರೋ ಎಂಬ ಗಿರಿಯೊಂದುಂಟು. ಅದರ ದಕ್ಷಿಣದ ಇಳಿಜಾರಿನಲ್ಲಿ, ಕುರಿಗಳು ಮೇಯುವ ಬಟ್ಟಬಯಲಿನ ನಡುವೆ ಹರಿದು ಬರುವ ಫೆಲ್ ಬೆಕ್ ಎಂಬ ತೊರೆ, ಇನ್ನೂ ದೂರ ಹರಿಯುವಂತೆ ತೋರುತ್ತಿರುವಾಗಲೇ, ನೆಲದಲ್ಲಿ ತೆರೆದಿರುವ ಬಾಯಿಯೊಂದರೊಳಕ್ಕೆ ಧುಮುಕಿ ಕಣ್ಮರೆಯಾಗುತ್ತದೆ. ಆ ಬಾಯಿಗೆ ಗೇಪಿಂಗ್ ಗಿಲ್ ಎಂದು ಹೆಸರು. ಅಲ್ಲಿಂದ ತಳದವರೆಗಿನ ಆಳ 98 ಮೀಟರ್. ಜೋಗವನ್ನು ಕಂಡ ಕನ್ನಡಿಗನಿಗೆ ಈ ಅಂಕೆ ದೊಡ್ಡದೆನಿಸದಿರಬಹುದು. ಆದರೆ ಜೋಗದಲ್ಲಿ ನಾವು ಎದುರಿಗೆ ನಿಂತು ಜಲಪಾತವನ್ನು ನೋಡುತ್ತೇವೆ, ಇಲ್ಲಿಯಾದರೋ ಜಲಪಾತವನ್ನು ನೋಡಬೇಕೆಂಬವನು ಅದರೊಡನೆ ತಾನೂ ಭೂಗರ್ಭಕ್ಕೆ ಇಳಿಯದೆ ಗತ್ಯಂತರವಿಲ್ಲ.

ಹಗ್ಗವಿದ್ಯೆಯಲ್ಲಿ ನಿಷ್ಣಾತರಾದವರಿಗೆ ವರ್ಷದ ಬಹುಕಾಲ ಈ ಬಿಲದ ದಾರಿ ತೆರೆದೇ ಇರುತ್ತದೆ. ಮಿಕ್ಕವರು ಅಂಚಿನಿಂದ ಮಾರುದೂರದಲ್ಲಿ ನಿಂತು ಕತ್ತು ಚಾಚಿ ನೋಡಿ ಹಿಂದಿರುಗಬೇಕಾದುದೇ. ಆದರೆ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಕೊನೆಯ ಸೋಮವಾರ ಬರುವ ವಸಂತದ ಬ್ಯಾಂಕ್ ರಜೆಯ ಆಸುಪಾಸಿನಲ್ಲಿ ಬ್ರಾಡ್‌ಫರ್ಡ್ ಪಾಟ್‌ಹೋಲ್ ಕ್ಲಬ್ಬಿನವರೂ, ಆಗಸ್ಟ್ ತಿಂಗಳ ಅಂತ್ಯದ ರಜೆಯ ಆಸುಪಾಸಿನಲ್ಲಿ ಕ್ರೇವನ್ ಪಾಟ್‌ಹೋಲ್ ಕ್ಲಬ್ಬಿನವರೂ, ಆ ಬೆಟ್ಟದ ಮೇಲೆ ಡೇರೆ ಹಾಕಿ, ಬಿಲದ ಬಾಯಿಗೆ ಉಕ್ಕಿನ ಹಂದರ ಕಟ್ಟಿ, ಎಂಜಿನ್ನಿನಿಂದ ತಿರುಗುವ ರಾಟೆಯನ್ನು ಹೂಡಿ, ಅದರ ತಂತಿಗೆ ಕುರ್ಚಿಯೊಂದನ್ನು ತೂಗಿಬಿಟ್ಟು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಪಾತಾಳಕ್ಕಿಳಿಸಿ ಮತ್ತೆ ಮೇಲಕ್ಕೆತ್ತುತ್ತಾರೆ. ಈ ಕೂಟವನ್ನು ಅವರು ವಿಂಚ್ ಮೀಟ್ ಎಂದು ಕರೆಯುತ್ತಾರೆ. ತೇರಿಲ್ಲದ, ದೇವರಿಲ್ಲದ ಜಾತ್ರೆಯೆಂದು ನಾವು ಇದನ್ನು ಕರೆದರೆ ತಪ್ಪಾಗದು.

ಗುಹೆಯೆಂದೊಡನೆ ನಮ್ಮ ಮನಸ್ಸು ಬಾದಾಮಿಗೋ ಅಜಂತೆಗೋ ಹೋಗುವುದು ಸಹಜ. ಅವು ಉಳಿಯಿಂದ ಆದವು. ಇಂಗಲ್‌ಬರೋ ಗುಹೆಗಳನ್ನು ಕೊರೆದುದು ನೀರು. ಮೂವತ್ತಮೂರು ಕೋಟಿ ವರ್ಷಗಳಷ್ಟು ಹಿಂದೆ, ಈ ಸೀಮೆ ಬೆಚ್ಚನೆಯ ಆಳವಿಲ್ಲದ ಸಮುದ್ರದಡಿ ಇದ್ದಾಗ, ಕಡಲಜೀವಿಗಳ ಚಿಪ್ಪುಗಳು ಸ್ತರಸ್ತರವಾಗಿ ಬಿದ್ದು ಗಟ್ಟಿಯಾಗಿ ಸುಣ್ಣಕಲ್ಲಿನ ದಪ್ಪ ಹಾಸುಗಳಾದವು. ಅವುಗಳ ಮೇಲೆ ಜೇಡುಗಲ್ಲು ಮರಳುಗಲ್ಲುಗಳ ಪದರಗಳು ಬಂದು ಕೂತವು. ಬೆಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಈ ಮೇಲಿನ ಪದರಗಳ ಮೇಲೆ ಇಂಗಲಾರದೆ ತೊರೆಯಾಗಿ ಹರಿಯುತ್ತದೆ; ಸುಣ್ಣಕಲ್ಲಿನ ಅಂಚನ್ನು ಮುಟ್ಟಿದೊಡನೆ, ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತೆಳು ಹುಳಿಯಾಗಿರುವ ಆ ನೀರು, ಕಲ್ಲಿನ ಬಿರುಕುಗಳನ್ನು ಕರಗಿಸುತ್ತ ಅಗಲಿಸುತ್ತ ಒಳಗಿಳಿಯುತ್ತದೆ. ನೇರವಾಗಿ ಕೆಳಗಿಳಿಯುವ ಇಂಥ ಕೂಪಗಳನ್ನು ಆ ನಾಡಿನವರು ಪಾಟ್‌ಹೋಲ್ ಎನ್ನುತ್ತಾರೆ. ಗೇಪಿಂಗ್ ಗಿಲ್ಲಿನಲ್ಲಿ ಬಿದ್ದ ನೀರು ಕತ್ತಲೆಯ ದಾರಿಗಳಲ್ಲಿ ಅಲೆದು, ಕೆಳಗಿನ ಕಣಿವೆಯಲ್ಲಿ ಇಂಗಲ್‌ಬರೋ ಗುಹೆಯ ಬಳಿ ಮತ್ತೆ ಬೆಳಕನ್ನು ಕಾಣುತ್ತದೆ. ನೀರಿಗೆ ತಿಳಿದಿದ್ದ ಆ ದಾರಿಯನ್ನು ಮನುಷ್ಯ ಪೂರ್ತಿಯಾಗಿ ಕ್ರಮಿಸಿದ್ದು 1983ರಲ್ಲಿ, ಇಬ್ಬರು ಮುಳುಗುಗಾರರು ಜಲಾವೃತವಾದ ಸುರಂಗಗಳನ್ನು ದಾಟಿದಾಗ.

ಮೊದಲು ಇಳಿಯಲೆತ್ನಿಸಿದವನು ಸಮೀಪದ ಸೆಟ್ಲ್ ಪಟ್ಟಣದ ಜಾನ್ ಬರ್ಕ್‌ಬೆಕ್. 1840ರ ದಶಕದಲ್ಲಿ ಆತ ಕಾಲುವೆ ತೋಡಿಸಿ ತೊರೆಯನ್ನು ಬೇರೆಡೆಗೆ ತಿರುಗಿಸಿ, ಹಗ್ಗದಲ್ಲಿ ಇಳಿದು, ಸುಮಾರು 58 ಮೀಟರ್ ಆಳದಲ್ಲಿರುವ ಒಂದು ಬಂಡೆಯ ಚಾಚನ್ನು ಮುಟ್ಟಿ ಹಿಂದಿರುಗಿದ. ಆ ಚಾಚಿಗೆ ಇಂದಿಗೂ ಅವನದೇ ಹೆಸರು. ಅರ್ಧ ಶತಮಾನದ ಮೇಲೆ, ಯಾರ್ಕ್‌ಷೈರ್ ರ್‍ಯಾಂಬ್ಲರ್ಸ್ ಕ್ಲಬ್ಬಿನ ತರುಣರು ತಳ ಮುಟ್ಟುವ ಸಿದ್ಧತೆಯಲ್ಲಿ ತೊಡಗಿದ್ದಂತೆಯೇ, ವೃತ್ತಿಯಿಂದ ವಕೀಲನೂ ಪ್ರವೃತ್ತಿಯಿಂದ ಗುಹಾಶಾಸ್ತ್ರದ ಪ್ರವರ್ತಕನೂ ಆದ ಫ್ರಾನ್ಸಿನ ಎದ್ವಾರ್ ಆಲ್ಫ್ರೆದ್ ಮಾರ್ತೆಲ್ ಹಗ್ಗದ ಏಣಿಗಳನ್ನೂ ಟೆಲಿಫೋನಿನ ತಂತಿಯನ್ನೂ ಹೊತ್ತು ಬಂದು, 1895ರ ಆಗಸ್ಟ್ 1ರಂದು ಜಲಪಾತದ ಸಿಂಚನದಲ್ಲಿ ತೊಯ್ಯುತ್ತ ತಳಕ್ಕಿಳಿದುಬಿಟ್ಟನು. ಮನೆಯಂಗಳದ ಬಾವಿಯನ್ನು ಪರದೇಶಿಯೊಬ್ಬ ಮೊದಲು ಅಳೆದನೆಂಬ ಸಂಕೋಚ ಯಾರ್ಕ್‌ಷೈರಿನವರಿಗೆ ಒಂದಿಷ್ಟು ಕಾಲ ಇದ್ದಿರಬೇಕು. ಮರುವರ್ಷವೇ ಅವರೂ ಇಳಿದರು. ಇಂದು ಅದೇ ಸೀಮೆಯವರು ಮಾರ್ತೆಲನ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ.

ವಿಂಚ್ ಮೀಟನ್ನು ನಡೆಸುವ ಸಂಘಗಳು ಹುಟ್ಟಿದುದು ಅದಕ್ಕೂ ಬಹಳ ತಡವಾಗಿ, ಕ್ರೇವನ್ ಕ್ಲಬ್ 1929ರಲ್ಲಿ, ಬ್ರಾಡ್‌ಫರ್ಡ್ ಕ್ಲಬ್ 1933ರಲ್ಲಿ. ಬ್ರಾಡ್‌ಫರ್ಡ್ ಎಂದರೆ ಉಣ್ಣೆಯ ಗಿರಣಿಗಳ ಊರು. ವಾರವೆಲ್ಲ ಹೊಗೆಯಲ್ಲಿಯೂ ಯಂತ್ರಗಳ ಸದ್ದಿನಲ್ಲಿಯೂ ಇದ್ದ ನಗರವಾಸಿಗಳು ರಜೆ ಬಂದೊಡನೆ ಬೆಟ್ಟದ ಗಾಳಿಗಾಗಿ ಹಂಬಲಿಸಿದರೆ ಆಶ್ಚರ್ಯವಿಲ್ಲ. ಅವರಲ್ಲಿ ಕೆಲವರು ಬೆಟ್ಟಕ್ಕೆ ಹೋಗಿಯೂ ಗಾಳಿಬೆಳಕುಗಳನ್ನು ಬಿಟ್ಟು ಬಿಲವನ್ನೇ ಹೊಕ್ಕದ್ದು ಮಾತ್ರ ವಿಚಾರಮಾಡತಕ್ಕ ಸಂಗತಿ. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಇಂಗ್ಲೆಂಡಿನ ಜನಕ್ಕೆ ಬ್ಯಾಂಕ್ ರಜೆಗಳನ್ನು ಶಾಸನದ ಮೂಲಕ ಕೊಡಿಸಿದವನು ಪಾರ್ಲಿಮೆಂಟಿನ ಸದಸ್ಯನಾಗಿದ್ದ ಜಾನ್ ಲಬಕ್, 1871ರಲ್ಲಿ. ಶಿಲಾಯುಗವನ್ನು ಹಳೆಯದು ಹೊಸದು ಎಂದು ಎರಡಾಗಿ ವಿಂಗಡಿಸಿ ಅವುಗಳಿಗೆ ಹೆಸರಿಟ್ಟ ಪಂಡಿತನೂ ಅವನೇ. ಗುಹಾವಾಸಿಗಳ ಚರಿತ್ರೆಯನ್ನು ಬರೆದವನು ದಯಪಾಲಿಸಿದ ರಜೆಯಲ್ಲಿ ಜನ ಗುಹೆಯನ್ನು ಹೊಗುತ್ತಿದ್ದಾರೆಂದರೆ, ವಿಧಿಗೂ ವಿನೋದಪ್ರಜ್ಞೆ ಇದ್ದಿರಬೇಕು.

ಇನ್ನು ಕೂಟದ ಏರ್ಪಾಡು. ಸಂಭ್ರಮಕ್ಕಿಂತ ಅದರ ಹಿಂದಿನ ದುಡಿಮೆಯೇ ಹೆಚ್ಚು ಕೌತುಕದ್ದೆಂಬುದು ನಮ್ಮ ಅಭಿಪ್ರಾಯ. ಬೆಟ್ಟದ ಮೇಲೆ ಕಟ್ಟಡವಿಲ್ಲ, ವಿದ್ಯುತ್ತಿಲ್ಲ. ಎಂಜಿನ್ನು, ಉಕ್ಕಿನ ತೊಲೆಗಳು, ನೂರಾರು ಮೀಟರ್ ತಂತಿ, ಡೇರೆಗಳು, ಅಡುಗೆಯ ಸಾಮಗ್ರಿ, ಇಂಧನ ಎಲ್ಲವನ್ನೂ ಕೆಳಗಿನಿಂದ ಸಾಗಿಸಿಕೊಂಡೇ ಬರಬೇಕು. ಬಂದಮೇಲೆ ಮೊದಲ ಕೆಲಸ ತೊರೆಯನ್ನು ಪಳಗಿಸುವುದು: ಬಾಯಿಯಿಂದ ಮೇಲಕ್ಕೆ ಸಣ್ಣದೊಂದು ಒಡ್ಡು ಕಟ್ಟಿ, ಕುರ್ಚಿ ಇಳಿಯುವ ಜಾಗದ ಮೇಲೆ ನೀರು ನೇರವಾಗಿ ಎರಗದಂತೆ ಪಕ್ಕಕ್ಕೆ ತಿರುಗಿಸುತ್ತಾರೆ. ಅನಂತರ ಬಿಲದ ಮೇಲೆ ಚಾಚಿಕೊಂಡ ಹಂದರ ಏಳುತ್ತದೆ. ಕುರ್ಚಿ ಗಾಳಿಗೆ ಗಿರ್ರನೆ ತಿರುಗಿ ಬಂಡೆಗೆ ಬಡಿಯದಂತೆ ಮೇಲಿನಿಂದ ತಳದವರೆಗೆ ಬಿಗಿದ ತಂತಿಗಳು ಅದಕ್ಕೆ ದಾರಿಯಾಗುತ್ತವೆ. ರಾಟೆಯ ಬಳಿ ಕುಳಿತವನಿಗೆ ಕುರ್ಚಿಯಲ್ಲಿ ಹೋಗುವವನು ಕಾಣುವುದಿಲ್ಲ. ತಳದಲ್ಲಿ ನಿಂತ ಸಂಗಡಿಗನ ಸಂಕೇತವನ್ನು ನಂಬಿಯೇ ಅವನು ಎಂಜಿನ್ನನ್ನು ನಡೆಸಬೇಕು, ತಡೆಯನ್ನು ಹಿಡಿಯಬೇಕು. ಹೆಸರು ಬರೆದುಕೊಳ್ಳುವವರು, ಸರದಿ ನೋಡುವವರು, ಕುರ್ಚಿಯಲ್ಲಿ ಕೂರಿಸಿ ಸರಳು ಹಾಕುವವರು, ಕೆಳಗೆ ಎದುರುಗೊಂಡು ಇಳಿಸಿಕೊಳ್ಳುವವರು, ಗುಹೆಯನ್ನು ತೋರಿಸಿ ವಿವರಿಸುವವರು, ಇವರೆಲ್ಲರೂ ಕ್ಲಬ್ಬಿನ ಸದಸ್ಯರು; ಒಬ್ಬರಿಗೂ ಸಂಬಳವಿಲ್ಲ. ತಮ್ಮ ವರ್ಷದ ರಜೆಯಲ್ಲಿ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಟ್ಟು, ಒದ್ದೆ ಡೇರೆಯಲ್ಲಿ ಮಲಗಿ, ಅಪರಿಚಿತರನ್ನು ಏರಿಸಿ ಇಳಿಸುವ ಈ ಜನಕ್ಕೆ ದೊರೆಯುವ ಪ್ರತಿಫಲವಾದರೂ ಏನೆಂದು ಲೆಕ್ಕಪರಿಶೋಧಕನೊಬ್ಬ ಕೇಳಿದರೆ, ಉತ್ತರ ಹೇಳುವುದು ಕಷ್ಟವೇ ಸರಿ.

ಕುರ್ಚಿಯಲ್ಲಿ ಕುಳಿತವನ ಅನುಭವ ಬಹಳ ಹ್ರಸ್ವವಾದುದು. ಕಾಲಕೆಳಗಿನ ಹಲಗೆ ಸರಿಯುತ್ತದೆ. ಹುಲ್ಲು, ಹಾವಸೆ, ಒದ್ದೆಗಲ್ಲು ಒಂದರ ಹಿಂದೊಂದು ಮೇಲಕ್ಕೆ ಹೋಗುತ್ತವೆ. ನೀರಿನ ತುಂತುರು ಮುಖಕ್ಕೆ ರಾಚುತ್ತದೆ. ಇಕ್ಕಟ್ಟಾಗಿದ್ದ ಕೂಪದ ಗೋಡೆಗಳು ಇದ್ದಕ್ಕಿದ್ದಂತೆ ಎಲ್ಲ ಕಡೆಗೂ ದೂರ ಸರಿದು, ಕುಳಿತವನು ವಿಶಾಲವಾದ ಸಭಾಮಂಟಪವೊಂದರ ಛಾವಣಿಯಿಂದ ತೂಗುತ್ತಿರುತ್ತಾನೆ. ಇದೆಲ್ಲ ಒಂದೆರಡು ನಿಮಿಷದೊಳಗಿನ ವ್ಯವಹಾರ. ಮಂಟಪದ ಉದ್ದ 129 ಮೀಟರ್, ಅಗಲ 25, ಎತ್ತರ 31. ಸ್ವಯಂಸೇವಕರು ಹೂಡಿದ ದೀಪಗಳ ಬೆಳಕಿನಲ್ಲಿ ಅದರ ಆಚೆಯ ಗೋಡೆ ಅಸ್ಪಷ್ಟವಾಗಿ ತೋರುತ್ತದೆ. ನೆಲವೆಲ್ಲ ಉರುಟುಗಲ್ಲು. ಮೇಲೆ, ಆಗಷ್ಟೇ ಬಿಟ್ಟುಬಂದ ಬಾಯಿಯಿಂದ ಹಗಲಿನ ಬೆಳಕು ನೀರಹನಿಗಳೊಡನೆ ಕಂಬವಾಗಿ ಇಳಿಯುತ್ತಿರುತ್ತದೆ. 1999ರಲ್ಲಿ ಡರ್ಬಿಷೈರಿನಲ್ಲಿ 141 ಮೀಟರಿಗೂ ಮಿಕ್ಕ ಆಳದ ಟೈಟನ್ ಎಂಬ ಕೂಪ ಪತ್ತೆಯಾಗಿ, ಬ್ರಿಟನ್ನಿನ ಕೂಪಗಳಲ್ಲಿ ಆಳದ ಕಿರೀಟ ಗೇಪಿಂಗ್ ಗಿಲ್ಲಿನ ತಲೆಯಿಂದ ಜಾರಿತೆಂಬುದು ನಿಜ. ಆದರೆ ಹಗಲಿನ ಬೆಳಕು ನೇರವಾಗಿ ಒಳಗಿಳಿಯುವ ಈ ವೈಭವ ಟೈಟನ್ನಿಗಿಲ್ಲ. ಕೆಳಗಿಳಿಯುವುದಕ್ಕೆ ದುಡ್ಡಿಲ್ಲ, ಮೇಲೇರುವುದಕ್ಕೆ ಮಾತ್ರ ಶುಲ್ಕ ಎಂಬ ಪರಿಹಾಸ ಅಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಅದನ್ನು ಕೇಳಿ ನಗುವವರು ಸಾಮಾನ್ಯವಾಗಿ ಇನ್ನೂ ಮೇಲೆಯೇ ಇರುವವರು.

ಬಂದವರೆಲ್ಲರೂ ಕುರ್ಚಿಯ ಗಿರಾಕಿಗಳಲ್ಲ. ಬೆಟ್ಟದ ಮೈಯಲ್ಲಿ ಈ ಗುಹಾಜಾಲಕ್ಕೆ ಬೇರೆ ಬಾಗಿಲುಗಳೂ ಉಂಟು; 1949ರಲ್ಲಿ ಬೆಳಕಿಗೆ ಬಂದ ಬಾರ್ ಪಾಟ್ ಅವುಗಳಲ್ಲಿ ಪ್ರಸಿದ್ಧವಾದುದು. ದೂರದೂರದ ಸಂಘಗಳಿಂದ ಬಂದ ಪಳಗಿದ ಗುಹಾಸಂಚಾರಿಗಳು ಅಲ್ಲಿ ಹಗ್ಗದಲ್ಲಿ ಇಳಿದು, ತೆವಳಿ, ಕೆಸರನ್ನು ಹೊದ್ದು ಮಂಟಪದೊಳಕ್ಕೆ ಬರುವ ಹೊತ್ತಿಗೆ, ಶುಭ್ರವಾದ ಮಳೆಯಂಗಿ ತೊಟ್ಟ ಅಜ್ಜಿಯೊಬ್ಬಳು ಮೊಮ್ಮಕ್ಕಳ ಕೈಹಿಡಿದು ಅದೇ ಮಂಟಪದಲ್ಲಿ ಜಲಪಾತವನ್ನು ನೋಡುತ್ತಿರಬಹುದು. ಕಷ್ಟಪಟ್ಟು ಸೇರಬೇಕಾದ ಸ್ಥಳವನ್ನು ಹೀಗೆ ಸುಲಭಗೊಳಿಸಿದರೆ ಅದರ ಘನತೆ ಕುಂದದೆ ಎಂದು ಕೇಳುವವರು ಯಾವ ಸಾಹಸಕ್ಷೇತ್ರದಲ್ಲಿಯೂ ಇದ್ದೇ ಇರುತ್ತಾರೆ. ನಮಗೇನೋ ಹಾಗೆನಿಸದು. ತಾನು ಬೆವರು ಸುರಿಸಿ ಕಂಡದ್ದನ್ನು ಬೆವರದವನಿಗೂ ತೋರಿಸಬೇಕೆಂದು ಇನ್ನಷ್ಟು ಬೆವರುವವನ ಔದಾರ್ಯ ಲೋಕದಲ್ಲಿ ಅಷ್ಟೊಂದು ಸುಲಭವಾಗಿ ಸಿಗುವ ಪದಾರ್ಥವಲ್ಲ. ಅದೂ ಅಲ್ಲದೆ, ಸಂಜೆ ಕುರ್ಚಿ ನಿಂತಮೇಲೆ ಬೆಟ್ಟ ಮತ್ತೆ ಅವರದೇ ಆಗುತ್ತದೆ. ಅಡುಗೆಯ ಡೇರೆಯಲ್ಲಿ ಚಹ ಕುದಿಯುತ್ತದೆ, ಬಿಯರ್ ಹರಿಯುತ್ತದೆ. ಏಣಿಯ ಕಾಲದವರಿಗೂ ಒಂಟಿಹಗ್ಗದ ಕಾಲದವರಿಗೂ ನಡುವೆ ಇಂದಿಗೂ ಇತ್ಯರ್ಥವಾಗದ ವಾದಗಳು ಮತ್ತೆ ಮೊದಲಾಗುತ್ತವೆ.

ಭೂಗರ್ಭದ ಕೆಲಸದಲ್ಲಿ ಹಾಸ್ಯದ ಬೆನ್ನಿಗೇ ಎಚ್ಚರವೂ ಇರಬೇಕಾಗುತ್ತದೆ. 1967ರ ಜೂನ್ 24ರಂದು ಇದೇ ಸೀಮೆಯ ಮಾಸ್‌ಡೇಲ್ ಗುಹೆಯಲ್ಲಿ ಹಠಾತ್ತನೆ ನೀರೇರಿ ಆರು ಮಂದಿ ತರುಣರು ಪ್ರಾಣಬಿಟ್ಟರು. ಮಳೆ ಬಿದ್ದು ತೊರೆ ಉಕ್ಕಿದರೆ ಗೇಪಿಂಗ್ ಗಿಲ್ಲಿನ ಕುರ್ಚಿಯೂ ನಿಲ್ಲುತ್ತದೆ. ಮೈಲಿಗಟ್ಟಲೆ ನಡೆದು ಬಂದವರ ಗೊಣಗಾಟಕ್ಕೆ ಅಲ್ಲಿ ಬೆಲೆಯಿಲ್ಲ. ಬೆಟ್ಟದ ಬುಡದ ಕ್ಲಾಪಮ್ ಗ್ರಾಮದಲ್ಲಿ ನೆಲೆಗೊಂಡಿರುವ ಕೇವ್ ರೆಸ್ಕ್ಯೂ ಆರ್ಗನೈಸೇಷನ್ 1935ರಲ್ಲಿ ಹುಟ್ಟಿದ್ದು. ಗುಹೆಯಲ್ಲಿ ಸಿಕ್ಕಿಬಿದ್ದವರನ್ನು ಪಾರುಮಾಡುವುದಕ್ಕೆಂದೇ ಕಟ್ಟಿದ ಸಂಸ್ಥೆಗಳಲ್ಲಿ ಲೋಕಕ್ಕೇ ಮೊದಲನೆಯದೆಂಬ ಹೆಗ್ಗಳಿಕೆ ಅದಕ್ಕಿದೆ. ಅದರ ಕರೆಗೆ ಓಡಿಬರುವವರೂ ಸ್ವಯಂಸೇವಕರೇ.

ಬ್ರಿಟನ್ನಿನ ಗುಹಾಸಂಚಾರಿಗಳ ಉತ್ಸಾಹ ನಮ್ಮ ದೇಶವನ್ನೂ ತಲಪಿದೆ. 1992ರಿಂದ ಅವರಲ್ಲಿ ಹಲವರು, ಯೂರೋಪಿನ ಇತರರೊಡನೆ ಕೂಡಿ, ಶಿಲ್ಲಾಂಗಿನ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ನಿನ ಜೊತೆಯಲ್ಲಿ, ಚಳಿಗಾಲದ ಒಣಹವೆಯಲ್ಲಿ ಮೇಘಾಲಯದ ಗುಹೆಗಳನ್ನು ಅಳೆದು ನಕ್ಷೆ ಮಾಡುತ್ತ ಬಂದಿದ್ದಾರೆ. ಹಾಗೆ ಅಳೆದ ದಾರಿಗಳ ಒಟ್ಟು ಉದ್ದ ನಾನೂರು ಕಿಲೋಮೀಟರನ್ನು ಮೀರಿದೆ. ನಮ್ಮ ನೆರೆಯ ಆಂಧ್ರದ ಬೇಲಂ ಗುಹೆಗಳನ್ನು 1884ರಷ್ಟು ಹಿಂದೆಯೇ ರಾಬರ್ಟ್ ಬ್ರೂಸ್ ಫುಟ್ ಎಂಬ ಆಂಗ್ಲ ಭೂವಿಜ್ಞಾನಿ ಗುರುತಿಸಿದ್ದನಾದರೂ, ಅವುಗಳ ವಿವರವಾದ ಮೋಜಣಿಯಾದುದು ಸುಮಾರು ಒಂದು ಶತಮಾನದ ಮೇಲೆ, ಜರ್ಮನಿಯಿಂದ ಬಂದವರ ಕೈಯಿಂದ.

ಗೇಪಿಂಗ್ ಗಿಲ್ಲಿಗೆ ಹೋಗಬಯಸುವವರು ಲೀಡ್ಸ್ ನಗರದಿಂದ ಮೋರ್‌ಕಂಬಿಗೆ ಹೋಗುವ ರೈಲಿನಲ್ಲಿ ಕ್ಲಾಪಮಿಗೆ ಬರಬಹುದು. ಅಲ್ಲಿಂದ ಮುಂದೆ ಕಾಲ್ನಡಿಗೆ. ದಾರಿಯ ಮೊದಲ ಭಾಗ ಫ್ಯಾರರ್ ಮನೆತನದ ತೋಪಿನಲ್ಲಿ ಸಾಗುತ್ತದೆ. ಆ ಮನೆತನದ ರೆಜಿನಾಲ್ಡ್ ಫ್ಯಾರರ್ ಹೂಗಿಡಗಳ ಬೇಟೆಯಲ್ಲಿ ಏಷ್ಯಾಖಂಡವನ್ನೆಲ್ಲ ಅಲೆದು, ಸಿಂಹಳಕ್ಕೆ ಹೋಗಿಬಂದು ಬೌದ್ಧನಾಗಿ, 1920ರಲ್ಲಿ ಬರ್ಮಾದ ಕಾಡಿನಲ್ಲಿ ತೀರಿಕೊಂಡವನು. ತಂದ ಬೀಜಗಳನ್ನು ಬಂದೂಕಿನಲ್ಲಿ ತುಂಬಿ ಊರಿನ ಕಡಿದಾದ ಬಂಡೆಗಳಿಗೆ ಹಾರಿಸಿ ಬಿತ್ತಿದನೆಂಬ ಕಥೆಯೂ ಉಂಟು. ತೋಪು ದಾಟಿದಮೇಲೆ ಇಂಗಲ್‌ಬರೋ ಗುಹೆ; 1837ರಿಂದ ಸಾರ್ವಜನಿಕರಿಗೆ ತೆರೆದಿರುವ ಇದರಲ್ಲಿ ನೆಟ್ಟಗೆ ನಡೆದೇ ಹೋಗಬಹುದಾದ್ದರಿಂದ, ತೂಗುಕುರ್ಚಿಗೆ ಅಂಜುವವರು ಇಲ್ಲಿಯೇ ತೃಪ್ತರಾಗಬಹುದು. ಮಿಕ್ಕವರು ಟ್ರೋ ಗಿಲ್ ಎಂಬ ಇಕ್ಕಟ್ಟಿನ ಕಂದರವನ್ನು ಹತ್ತಿ ಬಯಲಿಗೆ ಬಂದರೆ ಡೇರೆಗಳು ಕಾಣುತ್ತವೆ. ಕ್ಲಾಪಮಿನಿಂದ ಒಂದೂವರೆ ಗಂಟೆಯ ನಡಿಗೆಯೆಂದು ಇಟ್ಟುಕೊಳ್ಳಬಹುದು. ಬೇಸಗೆಯೆಂದು ನಂಬದೆ ಬೆಚ್ಚನೆಯ ಬಟ್ಟೆ, ಮಳೆಯಂಗಿ, ಗಟ್ಟಿ ಬೂಟು ಇವನ್ನು ಒಯ್ಯಬೇಕು. ರಜೆಯ ದಿನಗಳಲ್ಲಿ ಸರದಿ ಉದ್ದವಾಗುವುದರಿಂದ ಬುತ್ತಿ ಕಟ್ಟಿಕೊಂಡು ಹೊತ್ತಿಗೆ ಮುಂಚೆಯೇ ಹೋಗುವುದು ಲೇಸು. ಕೆಳಗಿಳಿದವರು ಮೇಲೆ ಬರುವುದಕ್ಕೂ ಒಂದು ಸರದಿ ಇರುತ್ತದೆಂಬುದನ್ನು ಬಹಳ ಮಂದಿ ಕೆಳಗಿಳಿದಮೇಲೆಯೇ ತಿಳಿಯುತ್ತಾರೆ.