ಎರಡು ಜನ್ಮ, 77 ನಿಮಿಷ

ಆಳಂದ ತಾಲ್ಲೂಕಿನ ಖಜೂರಿಯಿಂದ ಹಿಡಿದು ಜೇವರ್ಗಿ ಸೀಮೆಯ ಕಡಕೋಳದವರೆಗೆ, ಭಜನೆಗೆ ಕೂತವರು ನಡುವೆ ಎದ್ದು ಹೋಗುವುದು ಕಡಿಮೆ. ರಾತ್ರಿ ಊಟ ಮುಗಿಸಿ ಗುಡಿಯ ಕಟ್ಟೆಗೋ ಮಠದ ಪಡಸಾಲೆಗೋ ಜನ ಸೇರುತ್ತಾರೆ. ಸಡಿಲಾದ ದಮ್ಮಡಿಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಬೆರಳಿಂದ ತಟ್ಟಿ ಕಿವಿಗೊಟ್ಟು ನೋಡುತ್ತಾರೆ. ಚರ್ಮ ಬಿಗಿದು ನಾದ ತೆರೆದುಕೊಂಡಿತು ಅನಿಸಿದ ಮೇಲೆಯೇ ಹಾಡು. ಮೊದಲಿಗೆ ಗುರುವಿನ ಪದ. ಹೊತ್ತು ಏರಿದಂತೆ ಸಂಸಾರದ ಗೋಳು, ಮನಸ್ಸಿನ ಚಂಚಲತೆ, ಕಾಯ ಬಿದ್ದುಹೋಗುವ ದಿನದ ಪದಗಳು. ಬೆಳಗಿನ ಜಾವಕ್ಕೆ ಮಂಗಳ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲ ಸಾಹೇಬ ಮೊದಲಾದವರ ತತ್ವಪದಗಳನ್ನು ಈ ಸೀಮೆ ಕೇಳುತ್ತ ಬಂದಿರುವುದು ಹೀಗೆ. ನಡುವಿನದೊಂದು ಪದವನ್ನು ಕಿತ್ತು ಬೇರೆ ಹಾಡಿದರೂ ಅದು ಚೆಂದವೇ. ಆದರೆ ಆ ರಾತ್ರಿಯ ನಡೆಯೊಳಗೆ ಅದು ಕೊಡುವ ಕಂಪನ ಬೇರೆ.

ಹೀಗೆ ಕೂತು, ಕ್ರಮದಲ್ಲಿ, ಕೊನೆಯವರೆಗೆ ಕೇಳಿಸಿಕೊಳ್ಳಬೇಕೆಂದು ಬೇಡುವ ಸಂಗೀತ ಬೇರೆಡೆಯೂ ಹುಟ್ಟಿದೆ. ಪಾಶ್ಚಾತ್ಯ ರಾಕ್ ಲೋಕ ಅದನ್ನು ಕಾನ್ಸೆಪ್ಟ್ ಆಲ್ಬಂ ಎನ್ನುತ್ತದೆ. ಆಲ್ಬಮ್ಮಿನ ಎಲ್ಲ ಹಾಡುಗಳೂ ಸೇರಿ ಒಂದೇ ಕಥೆ ಹೇಳುತ್ತವೆ, ಇಲ್ಲವೇ ಒಂದೇ ವಿಚಾರದ ಸುತ್ತ ತಿರುಗುತ್ತವೆ. ದ ಹೂ ತಂಡದ 'ಟಾಮಿ' 1969ರಲ್ಲಿ, ಪಿಂಕ್ ಫ್ಲಾಯ್ಡ್‌ನ 'ದ ವಾಲ್' 1979ರಲ್ಲಿ ಬಂದವು. ಮೆಟಲ್ ಸಂಗೀತಕ್ಕೆ ಈ ದಾರಿಯನ್ನು ಗಟ್ಟಿ ಮಾಡಿಕೊಟ್ಟದ್ದು ಸಿಯಾಟಲ್ ಕಡೆಯ ಕ್ವೀನ್ಸ್‌ರೈಕ್ ತಂಡದ 'ಆಪರೇಷನ್: ಮೈಂಡ್‌ಕ್ರೈಮ್', 1988ರಲ್ಲಿ. ಹನ್ನೊಂದು ವರ್ಷದ ನಂತರ ಬಂದ ಡ್ರೀಮ್ ಥಿಯೇಟರ್ ತಂಡದ 'ಮೆಟ್ರೊಪೊಲಿಸ್ ಭಾಗ 2: ಸೀನ್ಸ್ ಫ್ರಮ್ ಎ ಮೆಮೊರಿ' ಪ್ರೊಗ್ರೆಸಿವ್ ಮೆಟಲ್ ಪ್ರಕಾರದಲ್ಲಿ ಇವತ್ತಿಗೂ ಅಳತೆಗೋಲಾಗಿ ನಿಂತಿದೆ. ಅದು ಹುಟ್ಟಿದ ಬಗೆ, ಅದರೊಳಗಿನ ಕಥೆಯಷ್ಟೇ ಮನಸ್ಸು ಕಲಕುವಂಥದ್ದು.

ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ 1985ರಲ್ಲಿ ಮೂವರು ಹುಡುಗರು ಜೊತೆಯಾದರು. ಗಿಟಾರಿಗೆ ಜಾನ್ ಪೆಟ್ರುಚಿ, ಬೇಸ್‌ಗೆ ಜಾನ್ ಮ್ಯುಂಗ್, ಡ್ರಮ್ಸ್‌ಗೆ ಮೈಕ್ ಪೋರ್ಟ್ನಾಯ್. ಮೊದಲಿಗೆ ಇಟ್ಟುಕೊಂಡ ಹೆಸರು ಮೆಜೆಸ್ಟಿ, ಆಮೇಲೆ ಡ್ರೀಮ್ ಥಿಯೇಟರ್. ಕೆನಡಾದ ಗಾಯಕ ಜೇಮ್ಸ್ ಲಬ್ರಿ ಬಂದು ಸೇರಿದ ಮೇಲೆ, 1992ರಲ್ಲಿ 'ಇಮೇಜಸ್ ಆ್ಯಂಡ್ ವರ್ಡ್ಸ್' ಹೊರಬಂತು. ಅದರಲ್ಲೊಂದು ಒಂಬತ್ತೂವರೆ ನಿಮಿಷದ ಹಾಡಿಗೆ 'ಮೆಟ್ರೊಪೊಲಿಸ್ ಭಾಗ 1' ಎಂದು ಹೆಸರು. 'ಭಾಗ 1' ಎಂದದ್ದು ಪೆಟ್ರುಚಿ ಅವರ ತಮಾಷೆ. ಎರಡನೆಯ ಭಾಗ ಬರೆಯುವ ಯೋಚನೆ ಯಾರಿಗೂ ಇರಲಿಲ್ಲ. ಕೇಳುಗರು ಮಾತ್ರ ಅದನ್ನು ನಿಜವೆಂದೇ ಹಿಡಿದರು. ಭಾಗ 2 ಯಾವಾಗ ಎಂದು ವರ್ಷಗಟ್ಟಲೆ ಕೇಳುತ್ತಲೇ ಇದ್ದರು.

ಉದ್ದನೆಯ ಹಾಡಿನಲ್ಲಿ ದುಃಖವನ್ನು ಹಿಡಿದಿಡುವ ಅಭ್ಯಾಸ ಈ ತಂಡಕ್ಕೆ ಭಾಗ 2 ಬರುವುದಕ್ಕೂ ಮೊದಲೇ ಇತ್ತು. ಪೋರ್ಟ್ನಾಯ್ ಅವರ ತಾಯಿ 1984ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ಅಗಲಿಕೆಯಿಂದ ಮೂಡಿದ 'ಎ ಚೇಂಜ್ ಆಫ್ ಸೀಸನ್ಸ್' 23 ನಿಮಿಷದ ಒಂದೇ ಹಾಡು. ಅದು ಧ್ವನಿಮುದ್ರಣವಾಗಿ ಹೊರಬಂದದ್ದು 1995ರಲ್ಲಿ.

ನಂತರದ ಎರಡು ವರ್ಷ ತಂಡಕ್ಕೆ ಕಷ್ಟದ ಕಾಲ. ಹೊಸ ಆಲ್ಬಮ್ಮಿಗೆಂದು ಅವರು ರಾಶಿ ಹಾಡು ಕಟ್ಟಿದ್ದರು. ಅದರಲ್ಲಿ ಕೇಳುಗರು ಕಾದಿದ್ದ ಭಾಗ 2 ಕೂಡ ಇತ್ತು, ಸುಮಾರು 21 ನಿಮಿಷದ್ದು. ಧ್ವನಿಮುದ್ರಣ ಕಂಪನಿಗೆ ಬೇಕಿದ್ದದ್ದು ರೇಡಿಯೊದಲ್ಲಿ ಓಡುವ ಗಿಡ್ಡ ಹಾಡು. ಜನಪ್ರಿಯ ಹಾಡುಗಳನ್ನು ಕಟ್ಟುವುದರಲ್ಲಿ ಹೆಸರಾದ ಡೆಸ್ಮಂಡ್ ಚೈಲ್ಡ್ ಅವರನ್ನು ಕರೆಸಿ ಒಂದು ಹಾಡನ್ನು ತಿದ್ದಿಸಿದ್ದೂ ಆಯಿತು. 1997ರಲ್ಲಿ 'ಫಾಲಿಂಗ್ ಇಂಟು ಇನ್ಫಿನಿಟಿ' ಬಂದಾಗ ಆ 21 ನಿಮಿಷ ಅದರಲ್ಲಿರಲಿಲ್ಲ. ಪೋರ್ಟ್ನಾಯ್ ಎಷ್ಟು ಬೇಸತ್ತಿದ್ದರೆಂದರೆ, ತಾವೇ ಕಟ್ಟಿದ ತಂಡವನ್ನು ಬಿಟ್ಟುಬಿಡುವ ಯೋಚನೆಗೂ ಬಂದಿದ್ದರು. ಒಂದು ಕಲಾಕೃತಿಯನ್ನು ಅರ್ಧಕ್ಕೆ ಕತ್ತರಿಸಿದಾಗ ಕಲಾವಿದನ ಒಳಗೇನಾಗುತ್ತದೆ ಎಂಬುದನ್ನು ಆ ಎರಡು ವರ್ಷ ಹೇಳುತ್ತವೆ.

1999ರಲ್ಲಿ ಎರಡು ಬದಲಾವಣೆ ಆದವು. ಕೀಬೋರ್ಡ್ ವಾದಕ ಡೆರೆಕ್ ಶೆರಿನಿಯನ್ ಹೊರಹೋಗಿ, ಆ ಜಾಗಕ್ಕೆ ಜೋರ್ಡನ್ ರುಡೆಸ್ ಬಂದರು. ಒಂಬತ್ತನೆಯ ವಯಸ್ಸಿಗೇ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಶಾಸ್ತ್ರೀಯ ಪಿಯಾನೊ ಕಲಿಯಲು ಸೇರಿದ್ದವರು. 'ಲಿಕ್ವಿಡ್ ಟೆನ್ಷನ್ ಎಕ್ಸ್‌ಪೆರಿಮೆಂಟ್' ಎಂಬ ಇನ್ನೊಂದು ಕೂಟದಲ್ಲಿ ಪೆಟ್ರುಚಿ, ಪೋರ್ಟ್ನಾಯ್ ಇಬ್ಬರ ಜೊತೆಗೂ ನುಡಿಸಿದ್ದರು. ಎರಡನೆಯದು, ಕಂಪನಿ ಈ ಸಲ ಕೈಹಾಕದೆ ದೂರ ನಿಂತಿತು. ನ್ಯೂಯಾರ್ಕ್ ರಾಜ್ಯದ ಸಫರ್ನ್ ಎಂಬ ಸಣ್ಣ ಊರಿನ ಬೇರ್‌ಟ್ರ್ಯಾಕ್ಸ್ ಸ್ಟುಡಿಯೊದಲ್ಲಿ ಐವರೂ ಕೂತರು. ಕಪಾಟಿನಲ್ಲಿ ಬಿದ್ದಿದ್ದ 21 ನಿಮಿಷದ ಮಟ್ಟುಗಳನ್ನು ಹೊರತೆಗೆದರು. 'ದ ವಾಲ್', 'ಟಾಮಿ', 'ಮೈಂಡ್‌ಕ್ರೈಮ್', ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಅವರ ಕಣ್ಣೆದುರಿಗಿದ್ದ ಮಾದರಿಗಳು. ಪೆಟ್ರುಚಿ ಮತ್ತು ಪೋರ್ಟ್ನಾಯ್ ತಾವೇ ನಿರ್ಮಾಣದ ಹೊಣೆ ಹೊತ್ತರು. ಸಾಹಿತ್ಯವನ್ನು ನಾಲ್ವರು ಹಂಚಿಕೊಂಡರು. ತಮಾಷೆಗೆ ಇಟ್ಟಿದ್ದ ಒಂದು ಹೆಸರು ಏಳು ವರ್ಷಕ್ಕೆ ಹನ್ನೆರಡು ಹಾಡಿನ, ಎರಡು ಅಂಕದ, ಒಂಬತ್ತು ದೃಶ್ಯದ ನಾಟಕವಾಯಿತು. ಬಿಡುಗಡೆಯಾದದ್ದು 1999ರ ಅಕ್ಟೋಬರ್ 26ರಂದು.

ಕಥೆ ನಮ್ಮವರಿಗೆ ಹೊಸದಲ್ಲ. ರವಿಚಂದ್ರನ್ ಅವರ 'ಯುಗಪುರುಷ' (1989), ಅದಕ್ಕೆ ಮೂಲವಾದ ಹಿಂದಿಯ 'ಕರ್ಜ್' (1980) ನೋಡಿದವರಿಗೆ ಹಿಂದಿನ ಜನ್ಮದ ಕೊಲೆ ಈ ಜನ್ಮದಲ್ಲಿ ನೆನಪಾಗುವುದು ಚೆನ್ನಾಗಿ ಗೊತ್ತು. ಇಲ್ಲಿ ನಿಕೋಲಸ್ ಎಂಬ ಯುವಕನಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತದೆ. ಸಂಮೋಹನ ಚಿಕಿತ್ಸಕನ ಬಳಿ ಹೋಗುತ್ತಾನೆ. 1928ರಲ್ಲಿ ಕೊಲೆಯಾದ ವಿಕ್ಟೋರಿಯಾ ಪೇಜ್ ಎಂಬ ಹೆಣ್ಣಿನ ಆತ್ಮವೇ ತನ್ನದೆಂದು ಅಲ್ಲಿ ತಿಳಿಯುತ್ತದೆ. ಅವಳನ್ನು ಪ್ರೀತಿಸಿದ ಜೂಲಿಯನ್, ಜೂಜು, ದುಶ್ಚಟಗಳಲ್ಲಿ ಹಾಳಾದವನು. ಅವನ ಸಹೋದರ ಎಡ್ವರ್ಡ್, ಹೆಸರು ಮಾಡಿದ ರಾಜಕಾರಣಿ, ಅವಳನ್ನು ಬಯಸಿದ ಇನ್ನೊಬ್ಬ. ಜೂಲಿಯನ್ನೇ ಅವಳನ್ನು ಕೊಂದು ತಾನೂ ಸತ್ತ ಎಂದು ಅಂದಿನ ಪತ್ರಿಕೆ ಬರೆದಿತ್ತು. 'ಯುಗಪುರುಷ'ದ ನಾಯಕನಿಗೆ ನೆನಪು ಸೇಡಿನ ದಾರಿ ತೋರಿದರೆ, ನಿಕೋಲಸ್‌ಗೆ ಬೇಕಿರುವುದು ನಿದ್ದೆ. ಈ ಒಂದು ವ್ಯತ್ಯಾಸದಿಂದಲೇ ಆಲ್ಬಮ್ಮಿನ ಭಾವ ಬೇರೆ ದಿಕ್ಕಿಗೆ ಹೊರಳುತ್ತದೆ.

ಮೊದಲ ದೃಶ್ಯದಲ್ಲಿ ಗಡಿಯಾರದ ಟಿಕ್ ಟಿಕ್, ಚಿಕಿತ್ಸಕನ ಮೆದು ದನಿ, ಹತ್ತರಿಂದ ಹಿಂದಕ್ಕೆ ಎಣಿಕೆ. ಅದರ ಬೆನ್ನಿಗೆ ಬರಿಯ ಅಕೂಸ್ಟಿಕ್ ಗಿಟಾರಿನ ಮೇಲೆ ಎರಡು ನಿಮಿಷದ ಹಾಡು. ಮೆಟಲ್ ಎಂದರೆ ಅಬ್ಬರವೆಂದುಕೊಂಡು ಕೂತವರಿಗೆ ಇದು ಲಾಲಿಯಂತೆ ಕೇಳುತ್ತದೆ. ನಂತರ ಮಾತಿಲ್ಲದ 'ಓವರ್ಚರ್ 1928'. ಮುಂದೆ ಬರಲಿರುವ ಮಟ್ಟುಗಳ ತುಣುಕುಗಳು ಇಲ್ಲಿ ಮುಖ ತೋರಿಸಿ ಮರೆಯಾಗುತ್ತವೆ. ಬಯಲಾಟದಲ್ಲಿ ಪಾತ್ರ ಬರುವ ಮೊದಲೇ ಪರದೆಯ ಹಿಂದಿನಿಂದ ಗೆಜ್ಜೆ ಕೇಳಿಸುವ ಹಾಗೆ. ಕುತೂಹಲ ಗೀಳಾಗುವುದು, ಗೀಳು ಭಯವಾಗುವುದು ಮೂರನೆಯ, ನಾಲ್ಕನೆಯ ದೃಶ್ಯಗಳಲ್ಲಿ. ಕೊಲೆಯ ಸುದ್ದಿಯನ್ನು ಪತ್ರಿಕೆಯ ವರದಿಯ ಭಾಷೆಯಲ್ಲೇ ಹಾಡಿರುವ 'ಬಿಯಾಂಡ್ ದಿಸ್ ಲೈಫ್' ಹನ್ನೊಂದು ನಿಮಿಷ ಬಿಡುವಿಲ್ಲದೆ ಬಡಿಯುತ್ತದೆ. ಅದು ನಿಂತದ್ದೇ ತಡ, ಐದನೆಯ ದೃಶ್ಯದಲ್ಲಿ ನಿಕೋಲಸ್ ಆ ಹೆಣ್ಣಿನ ಗೋರಿಯ ಮುಂದೆ ನಿಂತಿದ್ದಾನೆ. ತನ್ನದೇ ಸಾವಿಗೆ ತಾನೇ ಅಳುವವನ ಸ್ಥಿತಿ. ಹಿನ್ನೆಲೆಯಲ್ಲಿ ಹೆಣ್ಣುದನಿಯೊಂದು ಪದವಿಲ್ಲದೆ ಆಲಾಪಿಸುತ್ತದೆ. ಮೊದಲ ಅಂಕ ಇಲ್ಲಿಗೆ ಮುಗಿಯುತ್ತದೆ.

ಎರಡನೆಯ ಅಂಕ ಸಿತಾರಿನಂಥ ನಾದದಿಂದ ತೆರೆಯುತ್ತದೆ. ಅದರ ನಡುವೆ ಬರುವ 'ಡ್ಯಾನ್ಸ್ ಆಫ್ ಇಟರ್ನಿಟಿ' ಆರು ನಿಮಿಷದ ವಾದ್ಯಸಂಗೀತ. ಏಳು ಮಾತ್ರೆಯ ರೂಪಕ, ಹತ್ತು ಮಾತ್ರೆಯ ಝಪತಾಲ ಕೇಳಿ ಬೆಳೆದ ಕಲಬುರಗಿ ಸೀಮೆಯ ಕಿವಿಗೆ ಏರುಪೇರಿನ ಎಣಿಕೆ ಅಪರಿಚಿತವಲ್ಲ. ಆದರೆ ನಮ್ಮಲ್ಲಿ ತಾಳ ಒಮ್ಮೆ ಹಿಡಿದರೆ ಬಂದಿಶ್ ಮುಗಿಯುವ ತನಕ ಅದೇ, ಸಮಕ್ಕೆ ಬಂದು ತಲೆದೂಗುವುದು ಕೇಳುಗನ ಹಕ್ಕು. ಇಲ್ಲಿ ಆರು ನಿಮಿಷದೊಳಗೆ ಎಣಿಕೆ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಸಮ ಎಲ್ಲಿ ಎಂದು ಹುಡುಕುವ ಹೊತ್ತಿಗೆ ಅದು ಜಾರಿ ಹೋಗಿರುತ್ತದೆ. ನಡುವೆ ರುಡೆಸ್ ಅವರ ಪಿಯಾನೊ ಹಳೆಯ ಕಾಲದ ರ‍್ಯಾಗ್‌ಟೈಮ್ ಶೈಲಿಗೆ ಹಾರಿ ವಾಪಸಾಗುತ್ತದೆ. ಬರೀ ಕೈಚಳಕವೆಂದು ಇದನ್ನು ತಳ್ಳಿಹಾಕಿದವರೂ ಇದ್ದಾರೆ. ಆ ಮಾತು ಸರಿಯಲ್ಲ. ಈ ಕಥೆಯಲ್ಲಿ ಇಬ್ಬರು ಪುರುಷರ ನಡುವೆ, ಎರಡು ಕಾಲಗಳ ನಡುವೆ ಒಂದು ಜೀವ ಸಿಕ್ಕಿಕೊಂಡಿದೆ. ಕಾಲಡಿಯ ನೆಲ ಜಾರುವುದನ್ನು ಮಾತಿಲ್ಲದೆ ಹೇಳಲು ತಾಳ ತಪ್ಪಿಸುವುದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಎಂಟನೆಯ ದೃಶ್ಯ 'ದ ಸ್ಪಿರಿಟ್ ಕ್ಯಾರೀಸ್ ಆನ್'. ಸತ್ತ ಮೇಲೆ ಏನು ಎಂಬ ಪ್ರಶ್ನೆಗೆ ನಿಕೋಲಸ್ ಉತ್ತರ ಕಂಡುಕೊಂಡ ಗಳಿಗೆ. ಗಾಯಕಿ ಥೆರೆಸಾ ಥಾಮಸನ್ ಅವರ ದನಿ, ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆಯ ಮೇಳದ ದನಿಗಳು ಲಬ್ರಿ ಅವರ ಜೊತೆಗೂಡುತ್ತವೆ. ಕಿವಿಗೊಟ್ಟು ಕೇಳಿದರೆ ಇದು ಮೊದಲ ದೃಶ್ಯದ ಅದೇ ಲಾಲಿಯ ಮಟ್ಟು. ಆಗ ಒಂಟಿ ಗಿಟಾರಿನ ಮೇಲೆ ಅನುಮಾನದಲ್ಲಿ ಹಾಡಿದ್ದು, ಈಗ ಮೇಳದೊಂದಿಗೆ ನಂಬಿಕೆಯಲ್ಲಿ ತುಂಬಿ ಬರುತ್ತದೆ. ಹತ್ತಿರ ಹತ್ತಿರ ಒಂದು ಗಂಟೆ ಕೂತು ಕೇಳಿದವರಿಗೆ ಮಾತ್ರ ಈ ಮಟ್ಟು ಹಳೆಯ ಬಂಧುವಿನ ಹಾಗೆ ಬಂದು ಕೈ ಹಿಡಿಯುತ್ತದೆ. ಇದೊಂದನ್ನೇ ಮೊಬೈಲಿನಲ್ಲಿ ಹಾಕಿ ಕೇಳಿದವರಿಗೆ ಸಿಗುವುದು ಒಂದು ಇಂಪಾದ ಹಾಡು, ಅಷ್ಟೇ.

ಅಲ್ಲಿಗೇ ಮುಗಿಸಿದ್ದರೆ ಕೇಳುಗ ನೆಮ್ಮದಿಯಿಂದ ಎದ್ದು ಹೋಗಬಹುದಿತ್ತು. ತಂಡ ಆ ನೆಮ್ಮದಿಯನ್ನು ಕೊಡಲಿಲ್ಲ. ಒಂಬತ್ತನೆಯ ದೃಶ್ಯದಲ್ಲಿ ನಿಜ ಬಯಲಾಗುತ್ತದೆ. ಇಬ್ಬರನ್ನೂ ಕೊಂದವನು ಎಡ್ವರ್ಡ್, ಆತ್ಮಹತ್ಯೆಯ ಚೀಟಿ ಇಟ್ಟವನೂ ಅವನೇ, ಪತ್ರಿಕೆಗೆ ಕಣ್ಣಾರೆ ಕಂಡ ಸಾಕ್ಷಿಯಾದವನೂ ಅವನೇ. ಗುಂಡಿನ ಸದ್ದಿನ ಬೆನ್ನಿಗೆ ಏಳನೆಯ ದೃಶ್ಯದಲ್ಲಿ ಕೇಳಿದ್ದ ವಿರಹದ ಮಟ್ಟೊಂದು ಮರಳಿ ಬಂದು, ಸಾಯುವ ಪ್ರೇಮಿಗಳ ಕೊನೆಯ ಉಸಿರಾಗುತ್ತದೆ. ಕೊನೆಗೆ ನಿಕೋಲಸ್ ಮನೆಗೆ ಬಂದು ಗ್ರಾಮಫೋನಿನಲ್ಲಿ ಹಾಡು ಹಾಕಿ ಕೂತಿರುತ್ತಾನೆ. ಬಾಗಿಲಲ್ಲಿ ಆ ಚಿಕಿತ್ಸಕ, ಎಡ್ವರ್ಡ್‌ನ ಆತ್ಮ ಹೊತ್ತು ಬಂದವನು. ಒಂದು ಮಾತು, ಒಂದು ಬೆಚ್ಚುವಿಕೆ, ಆಮೇಲೆ ಮುಳ್ಳು ತಟ್ಟೆಯ ಮೇಲೆ ಉಜ್ಜುವ ಗರಗರ ಸದ್ದು. 2002ರಲ್ಲಿ ಬಂದ ಮುಂದಿನ ಆಲ್ಬಂ ಶುರುವಾಗುವುದು ಅದೇ ಗರಗರದಿಂದ.

ಇಡೀ ಕೃತಿಯನ್ನು ಅವರು 2000ದ ಆಗಸ್ಟ್ 30ರಂದು ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮಿನಲ್ಲಿ ನುಡಿಸಿದರು. ಗಾಸ್ಪೆಲ್ ಮೇಳ ಬಂದಿತ್ತು, ಚಿಕಿತ್ಸಕನ ಪಾತ್ರಕ್ಕೆ ನಟನೊಬ್ಬ ವೇದಿಕೆಗೆ ಬಂದಿದ್ದ. ಆ ಕಛೇರಿಯ ಧ್ವನಿಮುದ್ರಣ ಅಂಗಡಿಗೆ ಬಂದ ದಿನ 2001ರ ಸೆಪ್ಟೆಂಬರ್ 11. ಹೊದಿಕೆಯ ಚಿತ್ರದಲ್ಲಿ ನ್ಯೂಯಾರ್ಕಿನ ಕಟ್ಟಡಗಳ ಸಾಲು, ಅವಳಿ ಗೋಪುರಗಳೂ ಸೇರಿ, ಬೆಂಕಿಯಲ್ಲಿ ಉರಿಯುತ್ತಿದ್ದವು. ಎಷ್ಟೋ ಮೊದಲೇ ಬರೆಸಿದ್ದ ಚಿತ್ರವದು. ಕೂಡಲೇ ಪ್ರತಿಗಳನ್ನು ವಾಪಸು ತರಿಸಿ, ಬೇರೆ ಹೊದಿಕೆ ಹಾಕಿ ಮತ್ತೆ ಬಿಟ್ಟರು.

ಈ ಸಂಗೀತದ ಅಲೆ ಕರ್ನಾಟಕಕ್ಕೂ ಬಂದು ತಾಗಿದೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. ಕರ್ನಾಟಕ ಸಂಗೀತವನ್ನು ಪ್ರೊಗ್ರೆಸಿವ್ ರಾಕ್‌ಗೆ ಬೆಸೆದ ಅಗಮ್, ಅದನ್ನು ಮೆಟಲ್‌ನತ್ತ ಒಯ್ದ ಪ್ರಾಜೆಕ್ಟ್ ಮಿಶ್ರಮ್ ಅಲ್ಲಿಯವೇ. ಬೆಂಗಳೂರಿನ ರೇನ್‌ಬರ್ನ್ ತಂಡ 2019ರಲ್ಲಿ 'ಇನ್‌ಸಿಗ್ನಿಫೈ' ಎಂಬ ಕಾನ್ಸೆಪ್ಟ್ ಆಲ್ಬಂ ತಂದಿತು. ಕಲಾವಿದನ ಅಹಂ, ಯಾರಿಗೂ ಗೊತ್ತಾಗದೆ ಉಳಿದುಹೋಗುವ ಸಂಕಟ ಅದರ ವಸ್ತು. ಕನ್ನಡದ ಮಾತಿನಲ್ಲಿ, ಈ ನೆಲದ ಕಥೆಯೊಂದನ್ನು ಹೀಗೆ ಮೊದಲಿಂದ ಕೊನೆಯವರೆಗೆ ಕಟ್ಟಿಕೊಡುವ ತಂಡ ಬರಲೇಬೇಕು. ಕಡಕೋಳದ ಪದಗಳನ್ನು ರಾತ್ರಿಯಿಡೀ ಕೇಳಿದ ಕಿವಿಗಳು ಇಲ್ಲಿವೆ, ಅದಕ್ಕೆ ಬೇಕಾದ ತಾಳ್ಮೆಯೂ ಇಲ್ಲಿದೆ.

ಅಲ್ಲಿಯವರೆಗೆ, ಒಂದು ರಾತ್ರಿ ಊಟವಾದ ಮೇಲೆ ಮೊಬೈಲನ್ನು ದೂರ ಇಟ್ಟು, ಈ 77 ನಿಮಿಷವನ್ನು ಒಂದೂ ಹಾಡು ದಾಟಿಸದೆ ಕೇಳಿ. ಮುಗಿದ ಮೇಲೆ ಏಳಬೇಡಿ. ಮೊದಲ ಹಾಡಿಗೆ ಮರಳಿ ಹೋಗಿ, ಕಣ್ಣು ಮುಚ್ಚಲು ಹೇಳುವ ಆ ಚಿಕಿತ್ಸಕನ ಮೆದು ದನಿಯನ್ನು ಇನ್ನೊಮ್ಮೆ ಕೇಳಿ. ಅವನು ಯಾರೆಂದು ಈಗ ನಿಮಗೆ ಗೊತ್ತು.